ಪರದೆ ಕರೆದ ಊಟ

ಕಾಯ್ದ ಆಲಿವ್ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಬಿದ್ದು, ಅದರ ಹಿಂದೆಯೇ ಒಂದು ಹಿಡಿ ಜೀರಿಗೆ ಪುಡಿ ಬಿದ್ದರೆ ಏಳುವ ಘಮ ಇದೆಯಲ್ಲ, ಮೊಂಜಿಯ ಬಾಲ್ಯವೆಲ್ಲ ಆ ಘಮದೊಳಗೇ ಕಳೆದಿತ್ತು. ಸ್ಫಾಕ್ಸ್ ಊರಿನ ಕೋಟೆಗೋಡೆಯ ಒಳಗೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಇಕ್ಕಟ್ಟಿನ ಓಣಿಯಲ್ಲಿ ನೀಲಿ ಬಾಗಿಲಿನ ಮನೆ. ಒಲೆಯ ಮೇಲೆ ಮೀನಿನ ಸಾರು. ಅವನಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು, ಓಣಿಯಲ್ಲಿ ಯಾರು ಹೋಗುತ್ತಿದ್ದರೂ ಕೂಗುತ್ತಿದ್ದಳು: "ಊಟ ಆಯ್ತಾ? ಮಧ್ಯಾಹ್ನ ಮನೆಗೇ ಬಂದ್ಬಿಡು!" ಅಂಚೆಯವನಿಗೂ ಅದೇ ಮಾತು, ಗ್ಯಾಸಿನವನಿಗೂ ಅದೇ ಮಾತು. ಒಮ್ಮೆ ಕರೆಂಟು ಕತ್ತರಿಸಲು ಬಂದವನು ಉಂಡು, ಬಾಯಿ ಒರೆಸಿಕೊಂಡು, ಕತ್ತರಿಸುವುದನ್ನು ಮರೆತು ಹೋಗಿದ್ದ.

ಅಮ್ಮ ಹೋಗಿ ವರ್ಷಗಳಾದವು. ಮೊಂಜಿಗೆ ಈಗ ನಲವತ್ತೆಂಟು. ಮದುವೆಯ ಮಾತು ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಹಿಂದೆ ಉಳಿದುಹೋಗಿತ್ತು. ಮನೆಯಲ್ಲಿ ಒಂದು ಪುಟ್ಟ ಪಾತ್ರೆ, ಅಂಚು ಚಕ್ಕೆ ಹೋದ ಒಂದು ತಟ್ಟೆ, ಒಂದು ಚಮಚ. ಎದುರು ಬಾಗಿಲಿನಲ್ಲಿ ಶೆಡ್ಲಿ, ನಿವೃತ್ತ ಬಸ್ ಡ್ರೈವರ್, ಅವನೂ ಒಂಟಿ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಬಾಗಿಲು ತೆರೆದರೆ "ಸಲಾಂ" ಅಂದು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವರ ನಡುವಿನ ಮಾತು ಆ ಒಂದು ಪದವನ್ನು ದಾಟಿರಲಿಲ್ಲ.

ಬಂದರಿನ ಪಕ್ಕದ ಆಲಿವ್ ಎಣ್ಣೆ ಕಂಪನಿಯಲ್ಲಿ ಮೊಂಜಿಯದು ಕಂಪ್ಯೂಟರ್ ಜಾಲ ಕಾಯುವ ಕೆಲಸ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಒಂದು ಪರದೆ. ಪರದೆಯ ಮೇಲೆ ಕಂಪನಿಯ ಮೂಲೆಮೂಲೆಗೂ ಒಂದೊಂದು ಚುಕ್ಕಿ: ಗೋದಾಮು, ಬಾಟಲಿ ತುಂಬುವ ಕೋಣೆ, ಕಾವಲುಗಾರನ ಗೂಡು. ಚುಕ್ಕಿ ಹಸಿರಿದ್ದರೆ ಕ್ಷೇಮ. ಕೆಂಪಾದರೆ ಯಾರೋ ವೈರಿನ ಮೇಲೆ ಪೀಪಾಯಿ ಉರುಳಿಸಿದ್ದಾರೆ ಎಂದರ್ಥ. ಮಲಗಿದ ಮಕ್ಕಳನ್ನು ಕಾಯುವ ಆಯಾಳ ಪಾಡು ಅವನದು. ಮಕ್ಕಳು ಎದ್ದು ಅತ್ತರೆ ಎಲ್ಲರೂ ಬೈಯುತ್ತಾರೆ. ಮಲಗಿದ್ದರೆ ಆಯಾ ಒಬ್ಬಳಿದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ.

ಹಿಂದಿನ ಚಳಿಗಾಲದಲ್ಲಿ ಒಂದು ದಿನ ಅವನು ಒಂದು ಚುಕ್ಕಿ ಒತ್ತಿದಾಗ ತೆರೆಯುವ ಟಿಪ್ಪಣಿ ಚೌಕದಲ್ಲಿ ಏನೋ ಬರೆಯುವಾಗ ಬೆರಳು ತಪ್ಪಿ ಬೇಡದ ಎರಡು ಗುರುತು ಬಿದ್ದವು. ಉಳಿಸಿ ನೋಡಿದರೆ ಪುಟದ ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಗೋಧಿ ಪೈರಿನ ಹಾಗೆ ಒಂದೇ ಕಡೆ ವಾಲಿಕೊಂಡಿದ್ದವು. ಮೊಂಜಿಗೆ ಕೂಡಲೇ ಅರ್ಥವಾಯಿತು. ಟಿಪ್ಪಣಿಯಲ್ಲಿ ಏನೇ ಬರೆದರೂ ಸಾಫ್ಟ್‌ವೇರ್ ಅದನ್ನು ಬರೀ ಮಾತಾಗಿ ತೋರಿಸಿ ಸುಮ್ಮನಿರಬೇಕು. ಇದು ಪೆದ್ದು. ಟಿಪ್ಪಣಿಯಲ್ಲಿ ಅಪ್ಪಣೆ ಬರೆದರೆ ಪಾಲಿಸಿಬಿಡುತ್ತದೆ. ಅದೂ ಒಂದು ಸಲವಲ್ಲ; ಹೊಟ್ಟೆಯಲ್ಲಿಟ್ಟುಕೊಂಡು, ಪುಟ ತೆರೆದವರೆಲ್ಲರ ಕಂಪ್ಯೂಟರಿನಲ್ಲೂ ಪ್ರತಿ ಸಲವೂ ಪಾಲಿಸುತ್ತದೆ. ಕಾಗದ ತಲುಪಿಸಬೇಕಾದ ಅಂಚೆಯವನು ತಾನೇ ಒಡೆದು ಓದಿ, ಅದರಲ್ಲಿ ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದ ಹಾಗೆ.

ಇಂಥ ತೂತು ಕಂಡರೆ ಮೇಲಿನವರಿಗೆ ತಿಳಿಸಬೇಕು, ತಯಾರಿಸಿದವರಿಗೆ ಬರೆಯಬೇಕು. ನಾಳೆ ತಿಳಿಸೋಣ ಎಂದುಕೊಂಡ. ಅಷ್ಟರಲ್ಲಿ ಡಬ್ಬಿಯ ತಣ್ಣನೆ ರೊಟ್ಟಿ ಮುರಿಯುತ್ತಾ ಕೂತವನಿಗೆ ಏನನ್ನಿಸಿತೋ, ತಾನು ಕೂತ ನೆಲಮಾಳಿಗೆಯ ಚುಕ್ಕಿಯ ಟಿಪ್ಪಣಿಯಲ್ಲಿ ಒಂದು ಪುಟ್ಟ ಅಪ್ಪಣೆ ಬರೆದ.

ಮರುದಿನ ಪುಟ ತೆರೆದ ಕೂಡಲೇ ಪರದೆಯ ನಡುವೆ ಒಂದು ಪೆಟ್ಟಿಗೆ ಮೂಡಿತು: "ಮೊಂಜಿ, ಊಟ ಆಯ್ತಾ? ಮಧ್ಯಾಹ್ನ ಮನೆಗೇ ಬಂದ್ಬಿಡು."

ಹೆಸರನ್ನು ಅವನು ತಾನೇ ಬರೆದಿರಲಿಲ್ಲ. ಪುಟ ತೆರೆದವರು ಯಾರೆಂದು ಸಾಫ್ಟ್‌ವೇರೇ ನೋಡಿ ಹೆಸರು ಸೇರಿಸುವ ಹಾಗೆ ಮಾಡಿದ್ದ. ತಾನು ಬರೆದ ಹೆಸರನ್ನು ತಾನೇ ಓದುವುದು ಬೇರೆ, ಇನ್ನೊಬ್ಬರು ಗುರುತು ಹಿಡಿದು ಕರೆಯುವುದು ಬೇರೆ. ಪೆಟ್ಟಿಗೆಯ ಕೆಳಗೆ ಸಾಫ್ಟ್‌ವೇರ್ ತನ್ನ ಅಭ್ಯಾಸದಂತೆ "ಬರೆದವರು: ಮೊಂಜಿ" ಎಂದು ಸಣ್ಣಕ್ಷರದಲ್ಲಿ ಹಾಕಿಕೊಳ್ಳುತ್ತಿತ್ತು. ಆ ಸಾಲನ್ನು ಅವನು ಬೇಕೆಂದೇ ನೋಡುತ್ತಿರಲಿಲ್ಲ. "ಆಯ್ತಮ್ಮ, ಬರ್ತೀನಿ" ಎಂದು ಮೆಲ್ಲಗೆ ಹೇಳಿ ಪೆಟ್ಟಿಗೆ ಮುಚ್ಚಿ ಕೆಲಸಕ್ಕೆ ಕೂರುತ್ತಿದ್ದ. ಆ ಪುಟವನ್ನು ನೋಡುವವನು ಇಡೀ ಕಂಪನಿಯಲ್ಲಿ ಅವನೊಬ್ಬನೇ. ಯಾರಿಗೇನು ನಷ್ಟ?

ಹೀಗೆ ಚಳಿಗಾಲ ಕಳೆದು ಬೇಸಗೆ ಬಂತು. ಬೇಸಗೆಯಲ್ಲಿ ಊರಿನ ಕಚೇರಿಗಳಿಗೆಲ್ಲ ಒಂದೇ ಪಾಳಿ. ಎರಡು ಗಂಟೆಗೆ ಬಾಗಿಲು ಹಾಕಿ ಎಲ್ಲರೂ ಮನೆಗೆ ಊಟಕ್ಕೆ ಓಡುತ್ತಾರೆ. ಆ ಬುಧವಾರ ಮ್ಯಾನೇಜರ್ ಹಮ್ಮಾದಿ ಮೊಂಜಿಯನ್ನು ಕರೆಸಿದರು. ರಾಜಧಾನಿ ಟ್ಯೂನಿಸ್‌ನಿಂದ ಬಂದ ಮನುಷ್ಯ, ಸದಾ ಕಂಠಪಟ್ಟಿ. ಊರವರೆಲ್ಲ ಅವರನ್ನು ಗೌರವದಿಂದ 'ಸಿ ಹಮ್ಮಾದಿ' ಎನ್ನುತ್ತಿದ್ದರು.

"ಅಲ್ಲಯ್ಯಾ, 'ನೆಟ್ ಇದೆಯಾ, ನೆಟ್ ಇದೆಯಾ' ಅಂತ ದಿನವಿಡೀ ನಿನಗೆ ಫೋನ್ ಮಾಡ್ತಾರಂತೆ?"

"ಪರವಾಗಿಲ್ಲ ಸಿ ಹಮ್ಮಾದಿ. ಮಾಡ್ಲಿ ಬಿಡಿ." ಆ ಫೋನುಗಳೇ ಅವನ ದಿನದ ಮಾತುಕತೆ.

"ಏನು ಪರವಾಗಿಲ್ಲ? ಎಲ್ಲರಿಗೂ ಆ ಪುಟ ನೋಡೋ ಹಾಗೆ ಮಾಡಿಕೊಡು. ಹಸಿರಾ ಕೆಂಪಾ ಅವರೇ ನೋಡ್ಕೊಳ್ಳಲಿ. ನಾಳೆಯಿಂದ ಮೊಂಜಿಗೆ ಯಾರೂ ಫೋನ್ ಮಾಡಕೂಡದು ಅಂತ ನೀನೇ ಒಂದು ಸುತ್ತೋಲೆ ಕಳಿಸು."

ಎಲ್ಲರೂ ಮನೆಗೆ ಹೋದ ಮೇಲೂ ಮೊಂಜಿ ಸಂಜೆಯವರೆಗೆ ಕೂತು ಕಚೇರಿಯ ಒಬ್ಬೊಬ್ಬರಿಗೂ ಪುಟದ ದಾರಿ ತೆರೆದುಕೊಟ್ಟ. ತನ್ನನ್ನು ಯಾರೂ ಮಾತಾಡಿಸಕೂಡದೆಂಬ ಸುತ್ತೋಲೆಯನ್ನು ತಾನೇ ಬರೆದು, ಕಾಗುಣಿತ ತಿದ್ದಿ, ಕಳಿಸಿದ. ಆ ಬೇಸರದಲ್ಲಿ ಪೆಟ್ಟಿಗೆಯ ನೆನಪು ಅವನಿಗೆ ಬರಲೇ ಇಲ್ಲ.

ನೆನಪಾದದ್ದು ಗುರುವಾರ ಬೆಳಿಗ್ಗೆ, ಲೆಕ್ಕಪತ್ರ ವಿಭಾಗದ ಸಾಲ್ಹಾ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಾಗ. ಸಾಲ್ಹಾ ಆ ಮೆಟ್ಟಿಲು ಇಳಿದಿದ್ದು ಅದೇ ಮೊದಲು.

"ಏನೋ ಮೊಂಜಿ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?"

"ಯಾಕಕ್ಕ? ಕೆಂಪಾಗಿದೆಯಾ?"

"ನಿನ್ನ ತಲೆ ಕೆಂಪು! ಪುಟ ತೆಗೆದೆ, 'ಸಾಲ್ಹಾ, ಊಟ ಆಯ್ತಾ, ಮಧ್ಯಾಹ್ನ ಮನೆಗೇ ಬಂದ್ಬಿಡು' ಅಂತ ಬಂತು. ಕೆಳಗೆ ನಿನ್ನ ಹೆಸರು. ನಾನೊಬ್ಬಳೇ ಅಂದ್ಕೊಂಡು ಸ್ವಲ್ಪ ನಾಚಿಕೊಂಡೂ ಬಿಟ್ಟೆ. ನೋಡಿದರೆ ಕಾವಲುಗಾರನನ್ನೂ ಕರೆದಿದ್ದೀಯ! ಇಡೀ ಆಫೀಸೇ ಬರ್ತಿದೆ ಕಣೋ. ಆಕ್ಟೋಪಸ್ ಹಾಕ್ತೀಯಾ?"

ಮೊಂಜಿ ಪರದೆಯನ್ನು ಅವಳಿಗೆ ಕಾಣದ ಹಾಗೆ ತಿರುಗಿಸಿದ.

"ಅಕ್ಕ, ಅದು... ಅದು ನಾನು..."

"ಹಾಕು. ಆಕ್ಟೋಪಸ್ ಇಲ್ಲದೆ ಕುಸ್ಕುಸ್ ಅಂದ್ರೆ ಮದುಮಗನಿಲ್ಲದ ಮದುವೆ. ಸಿಹಿ ನಾನು ತರ್ತೀನಿ, ನೀನು ಅದಕ್ಕೆ ಖರ್ಚು ಮಾಡ್ಬೇಡ." ಸಾಲ್ಹಾ ಅವನ ಮೇಜಿನ ಧೂಳನ್ನು ಶಾಲಿನ ಅಂಚಿನಲ್ಲಿ ಒಂದು ಸಲ ಒರೆಸಿ, "ಇಲ್ಲಿ ಹೇಗೆ ಕೂರ್ತೀಯೋ ಮಾರಾಯ, ಗಾಳೀನೂ ಇಲ್ಲ" ಎಂದು ಮರುಗಿ ಹೋದಳು.

ಅವಳ ಹಿಂದೆಯೇ ಗೋದಾಮಿನವರು ಬಂದರು. ಅವರ ಹಿಂದೆ ಲಾರಿಯವರು. ಎಷ್ಟೋ ವರ್ಷ ಅವನನ್ನು 'ಏಯ್ ನೆಟ್' ಎಂದು ಕರೆಯುತ್ತಿದ್ದವರೆಲ್ಲ ಅವತ್ತು ಮೊಂಜಿ, ಮೊಂಜಿ ಎನ್ನುತ್ತಿದ್ದರು. "ಮನೆ ಎಲ್ಲಿ ಬರುತ್ತಪ್ಪಾ?" "ನೀಲಿ ಬಾಗಿಲಾ? ಆ ಓಣೀಲಿ ನನ್ನ ಸೋದರತ್ತೆ ಇದ್ರು!" "ಜಿಪುಣರು ಅಂತ ಹೆಸರಾದ ಸ್ಫಾಕ್ಸಿನವನು ಊರಿಗೆಲ್ಲ ಊಟ ಹಾಕ್ತಾನೆ ಅಂದ್ರೆ ಪೇಪರಿಗೆ ಕೊಡಬೇಕು ಕಣ್ರೋ!"

ಕೊನೆಗೆ ಸಿ ಹಮ್ಮಾದಿಯವರೇ ಇಳಿದು ಬಂದರು. ಮೊಂಜಿ ಎದ್ದು ನಿಂತ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಹಮ್ಮಾದಿ ಕಂಠಪಟ್ಟಿ ಸಡಿಲಿಸಿಕೊಂಡರು.

"'ಹಮ್ಮಾದಿ, ಊಟ ಆಯ್ತಾ' ಅಂತ ಇತ್ತು. ಬರೀ ಹಮ್ಮಾದಿ. ಮುಂದೆ ಸಿ ಇಲ್ಲ, ಗೀ ಇಲ್ಲ."

"ಕ್ಷಮಿಸಿ ಸಿ ಹಮ್ಮಾದಿ, ಅದು ಆ ಸಾಫ್ಟ್‌ವೇರ್..."

"ನಮ್ಮಮ್ಮ ಹೋದ ಮೇಲೆ ನನ್ನನ್ನು ಬರೀ ಹೆಸರು ಹಿಡಿದು ಯಾರೂ ಊಟಕ್ಕೆ ಕರೆದಿರಲಿಲ್ಲ ಕಣಯ್ಯಾ." ಅವರು ಹಸಿರು ಚುಕ್ಕಿಗಳ ಕಡೆ ತಿರುಗಿದರು. "ಈ ಊರಿಗೆ ಬಂದು ಮೂರು ವರ್ಷ ಆಯ್ತು. ಹೋಟೆಲಿನ ಊಟಾನೇ." ಆಮೇಲೆ ಮ್ಯಾನೇಜರ್ ದನಿ ಮರಳಿ ಬಂತು. "ಇಲ್ಲಿ ಯಾಕೆ ಕೂತಿದ್ದೀಯ? ಕುಸ್ಕುಸ್ ಬೇಯೋಕೆ ಹೊತ್ತು ಬೇಕು. ಹೊರಡು, ರಜೆ ಕೊಟ್ಟಿದ್ದೀನಿ!"

ಮೆಟ್ಟಿಲ ಮೇಲೆ ಅವನನ್ನು ತಡೆದವಳು ಎಮ್ನಾ. ಕಂಪನಿಯ ಕಂಪ್ಯೂಟರುಗಳಲ್ಲಿ ಕಳ್ಳಗಂಡಿಗಳಿವೆಯೇ ಎಂದು ಹುಡುಕಲು ಆ ವಾರ ಟ್ಯೂನಿಸ್‌ನಿಂದ ಬಂದಿದ್ದ ಹುಡುಗಿ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು, ಬೇರೆಯವರು ಮಲ್ಲಿಗೆ ಮುಡಿಯುವ ಜಾಗದಲ್ಲಿ.

"ಮೊಂಜಿ ಅಣ್ಣ, ನನಗೂ ಊಟಕ್ಕೆ ಕರೆ ಬಂತು. ನಾನು ನಿಮ್ಮನ್ನು ಒಂದು ಸಲಾನೂ ಮಾತಾಡಿಸಿಲ್ಲ."

"ಅದು... ಎಲ್ಲರನ್ನೂ ಕರೆದೆ."

"ಟಿಪ್ಪಣಿ ಚೌಕದಿಂದ?"

ಮೊಂಜಿ ಬೆವರು ಒರೆಸಿಕೊಂಡ. ನಿಜ ಹೇಳಿದರೆ ತೂತು ಗೊತ್ತಿದ್ದೂ ಮುಚ್ಚಿಟ್ಟವನಾಗುತ್ತಾನೆ, ಕೆಲಸ ಹೋಗುತ್ತದೆ. ಸುಳ್ಳು ಹೇಳಿದರೆ ಇಡೀ ಕಚೇರಿಗೆ ಊಟ ಹಾಕಬೇಕು. ಆದರೆ ಅವನು ಯೋಚಿಸಿದ್ದು ಎರಡನ್ನೂ ಅಲ್ಲ. ಸಾಲ್ಹಾ ಮೇಜು ಒರೆಸಿದ್ದು, ಹಮ್ಮಾದಿ ಕಂಠಪಟ್ಟಿ ಸಡಿಲಿಸಿದ್ದು ಅವನ ಕಣ್ಣ ಮುಂದಿತ್ತು. ಆ ನೀಲಿ ಬಾಗಿಲೊಳಗೆ ಇನ್ನೊಂದು ಜೀವ ಕಾಲಿಟ್ಟು ಎಷ್ಟು ಕಾಲವಾಯಿತು? ಇವತ್ತು ಅವರೆಲ್ಲ ಬಂದು ಉಂಡರೆ, ಒಂದೇ ಒಂದು ದಿನ, ಸಾಕು.

"ನಾನೇ ಕರೆದಿದ್ದು" ಎಂದ. "ನಮ್ಮಲ್ಲಿ ಹಾಗೇ ಕರೆಯೋದು. ನೀವೂ ಬನ್ನಿ."

"ಯಾರಾದ್ರೂ ಗೋಡೆ ಮೇಲೆ 'ಕುಣಿ' ಅಂತ ಬರೆದ್ರೆ, ಓದಿದವರೆಲ್ಲ ತಮಗೇ ಗೊತ್ತಿಲ್ಲದೆ ಕುಣಿಯೋ ಹಾಗಿದೆ ಆ ಪುಟ. ಇವತ್ತು ಊಟ. ನಾಳೆ ಯಾವನೋ ಕಳ್ಳ ಅದೇ ಜಾಗದಲ್ಲಿ 'ಬೀಗದ ಕೈ ಕೊಡು' ಅಂತ ಬರೆದ್ರೆ? ಎಲ್ಲರೂ ಕೊಟ್ಟುಬಿಡ್ತಾರೆ, ಕೊಟ್ಟಿದ್ದೂ ಗೊತ್ತಾಗಲ್ಲ." ಅವಳು ಅವನ ಮುಖ ನೋಡಿದಳು; ದನಿ ಮೆತ್ತಗಾಯಿತು. "ಹೋಗಿ ಅಣ್ಣ. ನಾನು ನೋಡ್ಕೊಳ್ತೀನಿ."

ಏನು ನೋಡಿಕೊಳ್ಳುತ್ತಾಳೆಂದು ಕೇಳಲು ಮೊಂಜಿಗೆ ಹೊತ್ತಿರಲಿಲ್ಲ. ಮೀನು ಮಾರುಕಟ್ಟೆ ಮುಚ್ಚುವುದರೊಳಗೆ ತಲುಪಬೇಕಿತ್ತು.

ದೊಡ್ಡ ಮೀನು, ಆಕ್ಟೋಪಸ್, ಕುಂಬಳಕಾಯಿ, ಕಡಲೆ, ಚೀಲ ತುಂಬ ಕುಸ್ಕುಸ್ ಎಂಬ ಗೋಧಿ ರವೆ, ಎಲ್ಲ ಹೊತ್ತುಕೊಂಡು ಓಣಿಗೆ ಕಾಲಿಟ್ಟರೆ ಮೂಲೆ ಮನೆಯ ಬೇಯಾ ದೊಡ್ಡಮ್ಮ ಕಿಟಕಿಯಲ್ಲೇ ಇದ್ದಳು. ಆ ಕಿಟಕಿ ಕಟ್ಟುವಾಗಲೇ ಅವಳನ್ನು ಜೊತೆಗೆ ಇಟ್ಟು ಕಟ್ಟಿದ್ದಾರೆಂದು ಓಣಿಯ ಮಾತು.

"ಯಾರದೋ ಮದುವೆ ಮೊಂಜಿ? ನಿಂದಾ?"

"ಆಫೀಸಿನವರು ಊಟಕ್ಕೆ ಬರ್ತಿದ್ದಾರೆ ದೊಡ್ಡಮ್ಮ. ಮೂವತ್ತು ಜನ ಆಗಬಹುದು."

"ಮೂವತ್ತು ಜನ! ನಿನ್ನ ಪಾತ್ರೇಲಿ ಎರಡು ಮೊಟ್ಟೆ ಹಾಕಿದ್ರೆ ಮೂರನೇದು ಇಣುಕಿ ನೋಡುತ್ತೆ. ನಿಲ್ಲು, ಬಂದೆ."

ಬೇಯಾ ಓಣಿಯಲ್ಲಿ ಒಂದು ಸುತ್ತು ಹೊಡೆದಳು. ಈ ಮನೆಯಿಂದ ದೊಡ್ಡ ಹಂಡೆ, ಆ ಮನೆಯಿಂದ ಕುಸ್ಕುಸ್ ಬೇಯಿಸುವ ತೂತಿನ ಪಾತ್ರೆ, ಇನ್ನೊಂದು ಮನೆಯಿಂದ ಮದುವೆಯ ತಾಮ್ರದ ಹರಿವಾಣ, ತಟ್ಟೆಗಳು, ಬೋಗುಣಿಗಳು. ಪ್ರತಿ ಬಾಗಿಲಲ್ಲೂ "ನಮ್ಮ ಮೊಂಜಿ ಮನೇಗೆ ಇವತ್ತು ಮ್ಯಾನೇಜರೇ ಬರ್ತಿದ್ದಾರೆ" ಎಂದು ಸೇರಿಸಿದಳು. ಶೆಡ್ಲಿ ತನ್ನ ಬಾಗಿಲು ಒಂದಿಷ್ಟೇ ತೆರೆದು, ಮನೆಯ ಎರಡು ಕುರ್ಚಿಗಳಲ್ಲಿ ಒಂದನ್ನು ಎದುರು ಹೊಸಲಿಗೆ ಇಟ್ಟು, ಮತ್ತೆ ಬಾಗಿಲು ಮುಚ್ಚಿಕೊಂಡ.

ಎಣ್ಣೆ ಕಾಯಿತು. ಬೆಳ್ಳುಳ್ಳಿ ಬಿತ್ತು. ಜೀರಿಗೆ ಪುಡಿ ಬಿತ್ತು. ಘಮ ಎದ್ದಿತು.

ಮೊಂಜಿ ಸೌಟು ಹಿಡಿದು ಕಣ್ಣು ಮುಚ್ಚಿದ. ಒಬ್ಬನಿಗೆಂದು ಮಾಡುವ ಅಡಿಗೆಗೆ ಅವನು ಯಾವತ್ತೂ ಒಗ್ಗರಣೆ ಹಾಕಿರಲಿಲ್ಲ. ಆ ಘಮ ಹಾಗೆಯೇ ಇತ್ತು, ಇಷ್ಟು ವರ್ಷ ಗೋಡೆಯೊಳಗೇ ಅಡಗಿ ಕೂತಿತ್ತೇನೋ ಎನ್ನುವ ಹಾಗೆ. ಬಾಗಿಲ ಹತ್ತಿರ ಸೌಟು ಹಿಡಿದ ಒಂದು ಬೆನ್ನು ಕಂಡಂತಾಯಿತು...

"ಅಯ್ಯೋ, ಸೀದುಹೋಯ್ತಲ್ಲೋ!" ಬೇಯಾ ಕಿರುಚಿದಳು. "ಅಡಿಗೆ ಮಾಡ್ತಿದ್ದೀಯಾ, ನಮಾಜು ಮಾಡ್ತಿದ್ದೀಯಾ?"

ಜೀರಿಗೆ ಕಪ್ಪಾಗಿತ್ತು. ಬೇರೆ ಎಣ್ಣೆ ಇರಲಿಲ್ಲ, ಹೊತ್ತೂ ಇರಲಿಲ್ಲ. ಎಣ್ಣೆ ಕಂಪನಿಯವನ ಮನೆಯಲ್ಲಿ ಎಣ್ಣೆ ಇಲ್ಲವೆಂದು ಬೇಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ನಗುವಿನಲ್ಲೇ ಸಾರಿಗೆ ಒಂದು ಹಿಡಿ ಉಪ್ಪು ಹಾಕಿದಳು. ಮೊಂಜಿ ಆಗಲೇ ಹಾಕಿದ್ದ. ಕಿಟಕಿಯ ಮೇಲಿನ ಬೆಕ್ಕು ಆಕ್ಟೋಪಸ್ಸಿನ ಒಂದು ಕಾಲನ್ನು ಎತ್ತಿಕೊಂಡು ಛಾವಣಿ ಹತ್ತಿತು. ಅದನ್ನು ಅಟ್ಟಲು ಹೋದ ಮೊಂಜಿ ಒಂದು ಚಪ್ಪಲಿ ಕಳೆದುಕೊಂಡು ಬಂದ.

ಆದರೂ ಎರಡು ಗಂಟೆಗೆ ಎಲ್ಲ ಸಿದ್ಧ. ಹರಿವಾಣದ ತುಂಬ ಕೆಂಪಗೆ ಹಬೆಯಾಡುವ ಕುಸ್ಕುಸ್, ಮೇಲೆ ಮೀನು. ಮೊಂಜಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೀಲಿ ಬಾಗಿಲನ್ನು ಪೂರ್ತಿ ತೆರೆದು, ಉಳಿದ ಒಂದೇ ಚಪ್ಪಲಿಯನ್ನು ಬಾಗಿಲ ಹಿಂದೆ ಅಡಗಿಸಿ, ಹೊಸಲಲ್ಲಿ ನಿಂತ. ಕಿಟಕಿಗಳಲ್ಲಿ ಓಣಿಯೂ ನಿಂತಿತ್ತು.

ಎರಡೂವರೆ ಆಯಿತು. "ದಾರಿ ಹುಡುಕ್ತಿರಬೇಕು" ಎಂದಳು ಬೇಯಾ.

ಇನ್ನೂ ಅರ್ಧ ಗಂಟೆ ಕಳೆಯಿತು. "ದೊಡ್ಡ ಮನುಷ್ಯರು ತಡವಾಗೇ ಬರೋದು" ಎಂದಳು, ಈ ಸಲ ಸ್ವಲ್ಪ ಮೆಲ್ಲಗೆ.

ಹಬೆ ನಿಂತಿತು. ಮೀನಿನ ಕಣ್ಣು ಮೊಂಜಿಯನ್ನೇ ನೋಡುತ್ತಿತ್ತು. ಕೊನೆಗೆ ಬಂದದ್ದು ಫೋನು.

"ಮೊಂಜಿ ಅಣ್ಣ, ನಾನು ಎಮ್ನಾ. ಇನ್ನು ನಿಶ್ಚಿಂತೆಯಿಂದಿರಿ. ಎಲ್ಲ ಸರಿ ಮಾಡಿದೀನಿ."

"ಏನು ಸರಿ ಮಾಡಿದಿರಿ?"

"ತೂತು ಮುಚ್ಚಿ ಆಯ್ತು. ಆ ಟಿಪ್ಪಣೀನೂ ಅಳಿಸಿದೆ. ಅದು ಸಾಫ್ಟ್‌ವೇರಿನದೇ ದೋಷ, ಮನುಷ್ಯರ ತಪ್ಪಲ್ಲ ಅಂತ ವರದಿ ಕೊಟ್ಟೆ. ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ಇವತ್ತು ಬಂದ ಆಹ್ವಾನ ಮೊಂಜಿಯವರದ್ದಲ್ಲ, ಪಾಪ ಸಂಕೋಚಕ್ಕೆ ಹೂಂ ಅಂದಿದ್ದಾರೆ, ದಯವಿಟ್ಟು ಯಾರೂ ಹೋಗಿ ಅವರಿಗೆ ಕಷ್ಟ ಕೊಡಬೇಡಿ ಅಂತ ಎಲ್ಲರಿಗೂ ಹೇಳಿಸಿದೆ."

ಮೊಂಜಿ ಹರಿವಾಣ ನೋಡಿದ.

"ಎಲ್ಲರೂ ಎಷ್ಟು ಒಳ್ಳೇವರು ಗೊತ್ತಾ?" ಅವಳ ದನಿಯಲ್ಲಿ ಹಿಗ್ಗಿತ್ತು. "ಸಾಲ್ಹಾ ಮೇಡಂ ಸಿಹಿ ಕೊಂಡಾಗಿತ್ತು. 'ಪಾಪ, ಸಂಕೋಚದ ಮನುಷ್ಯ, ಅವನ ತಲೆ ಮೇಲೆ ಹೊರೆ ಹಾಕೋದು ಬೇಡ' ಅಂತ ಇಲ್ಲೇ ಹಂಚಿಬಿಟ್ರು. ಸಿ ಹಮ್ಮಾದಿ ಕಂಠಪಟ್ಟಿ ಮತ್ತೆ ಬಿಗಿ ಮಾಡ್ಕೊಂಡು ಹೋಟೆಲಿಗೆ ಹೋದ್ರು. ಒಂದು ಫೋನಾದ್ರೂ ಮಾಡೋಣ ಅಂತ ಯಾರೋ ಅಂದ್ರು. ಆದ್ರೆ ನಿಮಗೆ ಯಾರೂ ಫೋನ್ ಮಾಡಕೂಡದು ಅಂತ ಸುತ್ತೋಲೆ ಇದೆಯಂತಲ್ಲ?"

"ಹೌದು" ಎಂದ ಮೊಂಜಿ. "ನಾನೇ ಬರೆದದ್ದು."

"'ನಾನೇ ಕರೆದಿದ್ದು' ಅಂತ ನೀವು ಸುಳ್ಳು ಹೇಳ್ಬೇಕಾಗಿರಲಿಲ್ಲ ಅಣ್ಣ. ಊಟ ಮಾಡಿ ಮಲಗಿ."

"ಆಯ್ತಮ್ಮ" ಎಂದ. "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ." ಅದನ್ನು ಅವನು ಮನಸಾರೆ ಹೇಳಿದ. ಹುಡುಗಿ ಅವನ ಕೆಲಸ ಉಳಿಸಿದ್ದಳು. ಮೂವತ್ತು ಜನ ಅವನ ಮೇಲಿನ ಕನಿಕರಕ್ಕೆ ಒಳ್ಳೆಯ ಊಟ ಬಿಟ್ಟಿದ್ದರು. ಇಷ್ಟು ಜನ ಒಟ್ಟಿಗೆ ಅವನಿಗೆ ಒಳ್ಳೆಯದನ್ನು ಬಯಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಬೇಯಾ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಸಾಫ್ಟ್‌ವೇರ್ ಅರ್ಥವಾಗಲಿಲ್ಲ, ಬಾಗಿಲು ನೋಡುತ್ತಿದ್ದ ಮೊಂಜಿಯ ಮುಖ ಅರ್ಥವಾಯಿತು. ಅಂಗಿಯ ತೋಳು ಮೇಲಕ್ಕೆ ಮಡಚಿದಳು.

"ಸರಿ. ಪಾತ್ರೆಗಳನ್ನ ವಾಪಸ್ ಕೊಡೋಣ ಏಳು."

"ತೊಳೆದು ಕೊಡ್ತೀನಿ ದೊಡ್ಡಮ್ಮ."

"ತೊಳೆದು? ಖಾಲಿ? ನಿಮ್ಮಮ್ಮ ಕೇಳಿದ್ರೆ ಗೋರಿಯಿಂದ ಎದ್ದು ಬಂದು ಸೌಟಲ್ಲಿ ಬಾರಿಸ್ತಾಳೆ."

ಇನ್ನೊಬ್ಬರ ಮನೆಯ ಪಾತ್ರೆ ಖಾಲಿಯಾಗಿ ಮರಳುವಂತಿಲ್ಲ. ಆ ಓಣಿಯಲ್ಲಿ ಅದಕ್ಕಿಂತ ದೊಡ್ಡ ಕಾನೂನಿರಲಿಲ್ಲ. ಬೇಯಾ ಬಡಿಸಿದಳು. ಹಂಡೆಯವರಿಗೆ ಹಂಡೆ ತುಂಬ, ಬೋಗುಣಿಯವರಿಗೆ ಬೋಗುಣಿ ತುಂಬ. ಓಣಿಯ ಮಕ್ಕಳು ತಲೆಯ ಮೇಲೆ ಹೊತ್ತು ನಡೆದರು. ಕಿಟಕಿಗಳಿಂದ ದನಿಗಳು ಬಂದವು: "ದೇವರು ಒಳ್ಳೇದು ಮಾಡ್ಲಿ ಮೊಂಜಿ!" "ಉಪ್ಪು ಒಂದಿಷ್ಟು ಮುಂದಾಗಿದೆ, ಆದ್ರೂ ಪರವಾಗಿಲ್ಲ!" "ಜೀರಿಗೆಗೆ ಏನಾಯ್ತೋ?" ಕೊನೆಗೆ ಶೆಡ್ಲಿ ಉಳಿದ. ಅವನು ಕೊಟ್ಟಿದ್ದು ಕುರ್ಚಿ. ಕುರ್ಚಿಯಲ್ಲಿ ಕುಸ್ಕುಸ್ ತುಂಬುವುದು ಬೇಯಾಗೂ ಸಾಧ್ಯವಿರಲಿಲ್ಲ. ಸುತ್ತ ನೋಡಿದಳು, ಅಂಚು ಚಕ್ಕೆ ಹೋದ ತಟ್ಟೆಯೊಂದು ಕಂಡಿತು, ಅದರಲ್ಲಿ ಬಡಿಸಿ ಕುರ್ಚಿಯ ಮೇಲಿಟ್ಟು ಎದುರು ಮನೆಗೆ ತಾನೇ ಕೊಟ್ಟುಬಂದಳು.

"ನಿನಗೆ ಎತ್ತಿಟ್ಟುಕೊಂಡಿದ್ದೀಯ ತಾನೇ?" ಹೋಗುವಾಗ ಕೇಳಿದಳು.

"ಹೂಂ ದೊಡ್ಡಮ್ಮ" ಎಂದ ಮೊಂಜಿ.

ಅವಳು ಎತ್ತಿಟ್ಟಿರುತ್ತಾಳೆಂದು ಅವನು, ಅವನು ಎತ್ತಿಟ್ಟುಕೊಂಡಿರುತ್ತಾನೆಂದು ಅವಳು. ಒಳಗೆ ಹೋಗಿ ನೋಡಿದರೆ ಅವನ ಪುಟ್ಟ ಪಾತ್ರೆ ಬೆಳಿಗ್ಗೆ ಹೇಗಿತ್ತೋ ಹಾಗೇ ಬೋರಲಾಗಿತ್ತು. ಉಂಡು ಬಂದ ಬೆಕ್ಕು ಅದರ ಪಕ್ಕ ಮಲಗಿ ಮೀಸೆ ನೆಕ್ಕುತ್ತಿತ್ತು. ಮೊಂಜಿ ಮಣೆಯ ಮೇಲೆ ಕೂತ. ಹಸಿವಾಗಿತ್ತು. ಆದರೆ ಹಸಿವಿಗಿಂತ ಹೆಚ್ಚಾಗಿ ನಾಳೆಯ ಯೋಚನೆ ಕಾಡುತ್ತಿತ್ತು. ಬೆಳಿಗ್ಗೆ ಹೋಗಿ ಕೂತರೆ ಪುಟ ತೆರೆಯುತ್ತದೆ, ಹಸಿರು ಚುಕ್ಕಿಗಳು ಬರುತ್ತವೆ, ನಡುವೆ ಏನೂ ಮೂಡುವುದಿಲ್ಲ. ಫೋನೂ ಬರುವುದಿಲ್ಲ.

ಬಾಗಿಲು ಇನ್ನೂ ತೆರೆದೇ ಇತ್ತು. ಹೊಸಲ ಮೇಲೆ ನೆರಳು ಬಿತ್ತು. ನೋಡಿದರೆ ಶೆಡ್ಲಿ, ಒಂದು ಕೈಯಲ್ಲಿ ಛಾವಣಿಯಿಂದ ತನ್ನ ಅಂಗಳಕ್ಕೆ ಬಿದ್ದಿದ್ದ ಚಪ್ಪಲಿ, ಇನ್ನೊಂದರಲ್ಲಿ ಚಕ್ಕೆ ಹೋದ ತಟ್ಟೆ. ಬಸ್ಸಿನ ಮೆಟ್ಟಿಲಿನ ಹತ್ತಿರ ನಿಂತ ಪ್ರಯಾಣಿಕನ ಹಾಗೆ ಹತ್ತಲೋ ಬೇಡವೋ ಎಂದು ನಿಂತಿದ್ದ. ಮೊದಲು ಚಪ್ಪಲಿಯನ್ನು ಬಾಗಿಲ ಹಿಂದಿದ್ದ ಅದರ ಜೋಡಿಯ ಪಕ್ಕ ಸರಿಯಾಗಿ ಇಟ್ಟ.

"ಈ ತಟ್ಟೆ ನಿಮ್ಮದು" ಎಂದ. ತುಂಬಾ ದಿನ ಉಪಯೋಗಿಸದೆ ತುಕ್ಕು ಹಿಡಿದ ದನಿ.

"ಹೌದು."

"ಖಾಲಿ ಕೊಡಬಾರದಲ್ಲ. ಮನೇಲಿ ನೋಡಿದೆ, ಬೇರೇನೂ ಇರಲಿಲ್ಲ."

ತಟ್ಟೆಯಲ್ಲಿ ಅರ್ಧ ಕುಸ್ಕುಸ್ ಇತ್ತು. ಚಾಕುವಿನಿಂದ ಗೆರೆ ಎಳೆದ ಹಾಗೆ ಒಂದು ಪಕ್ಕ ಮಾತ್ರ ತಿಂದು, ಇನ್ನೊಂದು ಪಕ್ಕ ಮುಟ್ಟಿರಲಿಲ್ಲ. ಮುಳ್ಳಿಲ್ಲದ ಮೀನಿನ ತುಂಡು ಮುಟ್ಟದ ಕಡೆಗಿತ್ತು. ಸೀದ ಜೀರಿಗೆಯ ವಾಸನೆ ಬಂತು.

"ಇಲ್ಲಿಂದ ಪಾತ್ರೆಗಳೆಲ್ಲ ಹೊರಗೆ ಹೋಗೋದು ಕಿಟಕೀಲಿ ನೋಡ್ತಿದ್ದೆ" ಎಂದ ಶೆಡ್ಲಿ, ನೆಲ ನೋಡುತ್ತಾ. "ಒಂದೂ ಒಳಗೆ ಉಳಿದಿದ್ದು ಕಾಣಲಿಲ್ಲ." ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಮುಖ ನೋಡಿ, ಕೇಳಿದ:

"ಊಟ ಆಯ್ತಾ?"

ಮೊಂಜಿ ಇಲ್ಲವೆಂದು ತಲೆಯಾಡಿಸಿದ. ಶೆಡ್ಲಿ ತಟ್ಟೆಯ ಚಕ್ಕೆ ಹೋದ ಅಂಚನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಅದನ್ನು ಅವನ ಕೈಗಿಟ್ಟ.